ಇಲ್ಲೇ ಇದೆಯಲ್ಲ!

2005ರ ಮಾತು. ಕಾಲೇಜಿನ ಲ್ಯಾಬಿನಲ್ಲಿ ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಿಂದ ಡೇಟಾಬೇಸ್ ಮುಟ್ಟುವ ಪ್ರೋಗ್ರಾಮ್ ಬರೆಯಬೇಕಿತ್ತು. ಅದಕ್ಕೊಂದು ಜಾರ್ ಫೈಲ್, ಅಂದರೆ ಬೇರೆಯವರು ಬರೆದ ಜಾವಾ ಕೋಡಿನ ಗಂಟು, ಬೇಕು. ಆ ಫೈಲ್ ಎಲ್ಲಿದೆ ಅಂತ ಜಾವಾಗೆ ಹೇಳಬೇಕು. ಹಾಗೆ ಹೇಳಿಡುವ ವಿಳಾಸಪಟ್ಟಿಯ ಹೆಸರೇ ಕ್ಲಾಸ್‌ಪಾತ್. ಸೀನಿಯರ್ ಒಬ್ಬರ ರೆಕಾರ್ಡ್ ಪುಸ್ತಕ ಪಕ್ಕದಲ್ಲಿಟ್ಟುಕೊಂಡು, ಮೈ ಕಂಪ್ಯೂಟರ್, ಪ್ರಾಪರ್ಟೀಸ್, ಅಡ್ವಾನ್ಸ್ಡ್, ಎನ್ವಿರಾನ್‌ಮೆಂಟ್ ವೇರಿಯಬಲ್ಸ್ ಅಂತ ಒಂದೊಂದೇ ಬಾಗಿಲು ದಾಟಿ ಒಳಗೆ ಹೋದೆ. ಇಷ್ಟು ದಾಟಿ ಹೋದರೆ ಗರ್ಭಗುಡಿಯಲ್ಲಿ ಇದ್ದದ್ದು ಬೆರಳಗಲದ ಒಂದು ಪೆಟ್ಟಿಗೆ. ಗೇಣುದ್ದದ ವಿಳಾಸವನ್ನು ಅದರೊಳಗೆ ತುರುಕಿ, ಓಕೆ, ಓಕೆ, ಓಕೆ ಒತ್ತಿ ಹೊರಬಂದೆ.

ಡೇಟಾಬೇಸ್ ಪ್ರೋಗ್ರಾಮ್ ಓಡಲಿಲ್ಲ. ಅದು ಹಾಳಾಗಲಿ, ಹಿಂದಿನ ವಾರ ಚೆನ್ನಾಗಿ ಓಡಿದ್ದ ಹಲೋ ಪ್ರೋಗ್ರಾಮೂ ಓಡಲಿಲ್ಲ. ಕಂಪೈಲ್ ಮಾಡಿದರೆ, ಅಂದರೆ ಬರೆದದ್ದನ್ನು ಜಾವಾ ಓಡಿಸಬಲ್ಲ ಕ್ಲಾಸ್ ಫೈಲಾಗಿ ಬದಲಿಸು ಅಂದರೆ, ತಕರಾರಿಲ್ಲದೆ ಆಗುತ್ತದೆ. ಅದೇ ಫೋಲ್ಡರಿನಲ್ಲಿ ಬಿಸಿಬಿಸಿಯಾಗಿ ಕ್ಲಾಸ್ ಫೈಲ್ ಇಳಿಯುತ್ತದೆ. ‘ಡಿರ್’ ಅಂತ ಕೊಟ್ಟರೆ ಹೆಸರು ತೋರಿಸುತ್ತದೆ. ಓಡಿಸು ಅಂದರೆ ಮಾತ್ರ ‘ನೋ ಕ್ಲಾಸ್ ಡೆಫ್ ಫೌಂಡ್ ಎರರ್’. ಅಂದರೆ, ಅಂಥ ಕ್ಲಾಸೇ ಸಿಗಲಿಲ್ಲ ಅಂತ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಅಂಥದ್ದು. ಇಲ್ಲೇ ಇದೆಯಲ್ಲಪ್ಪಾ ಅಂತ ನಾನು ಪರದೆಗೆ ಬೆರಳು ಒತ್ತಿ ತೋರಿಸಿದ್ದೂ ಉಂಟು.

ತಪ್ಪು ನನ್ನದೇ. ಕ್ಲಾಸ್‌ಪಾತ್ ಅನ್ನುವುದನ್ನು ನೀವು ಮುಟ್ಟದೇ ಇದ್ದಾಗ ಜಾವಾ ನೀವು ನಿಂತಿರುವ ಫೋಲ್ಡರಿನಲ್ಲೇ ಹುಡುಕುತ್ತದೆ. ನೀವು ಒಂದೇ ಒಂದು ವಿಳಾಸ ಬರೆದಿರೋ, ಮುಗಿಯಿತು. ಇನ್ನು ನೀವು ಬರೆದ ಕಡೆ ಮಾತ್ರ ಹುಡುಕುತ್ತದೆ. ಕಾಲಬುಡ ನೋಡುವುದಿಲ್ಲ. ‘ಇಲ್ಲೂ ನೋಡು’ ಅಂತ ಬಾಯಿಬಿಟ್ಟು ಹೇಳಬೇಕು. ಅದಕ್ಕೆ ಗುರುತು ಒಂದು ಚುಕ್ಕಿ. ರಂಗೋಲಿಯಲ್ಲಿ ಒಂದು ಚುಕ್ಕಿ ಬಿಟ್ಟುಹೋದರೆ ಹೇಗೋ ಸುತ್ತಿಸಿ ಗೆರೆ ಎಳೆಯಬಹುದು. ಇಲ್ಲಿ ಆಗುವುದಿಲ್ಲ.

ಚುಕ್ಕಿಯ ವಿಷಯ ಗೊತ್ತಾದ ಮೇಲೂ ಆ ದಿನ ನನ್ನ ಗ್ರಹಚಾರ ಬಿಡಲಿಲ್ಲ. ಚುಕ್ಕಿ ಹಾಕಿದೆ, ಓಡಲಿಲ್ಲ. ಹಾಗಾದರೆ ಇದಲ್ಲ ಅಂತ ಚುಕ್ಕಿ ತೆಗೆದು ಇನ್ನೇನೇನೋ ಹಾಕಿದೆ. ಕೊನೆಗೆ ಲ್ಯಾಬ್ ಅಸಿಸ್ಟೆಂಟ್ ಬಂದು, ಚುಕ್ಕಿಯನ್ನು ಮತ್ತೆ ಕೂರಿಸಿ, ಆಜ್ಞೆ ಟೈಪ್ ಮಾಡುವ ಕಪ್ಪು ವಿಂಡೋ ಮುಚ್ಚಿ ಹೊಸದೊಂದು ತೆರೆದರು. ಓಡಿತು. ಮೊದಲೇ ತೆರೆದಿದ್ದ ವಿಂಡೋಗೆ ನೀವು ಆಮೇಲೆ ಬದಲಿಸಿದ ಸಂಗತಿ ತಿಳಿಯುವುದೇ ಇಲ್ಲ. ಅದು ಹುಟ್ಟಿದಾಗ ಕೇಳಿಸಿಕೊಂಡದ್ದನ್ನೇ ಕೊನೆತನಕ ನಂಬಿಕೊಂಡಿರುತ್ತದೆ. ನಮ್ಮ ದೊಡ್ಡಪ್ಪ ಈಗಲೂ ಹಳೇ ಬಸ್ ನಂಬರ್ ಹೇಳಿ ದಾರಿ ತೋರಿಸುತ್ತಾರಲ್ಲ, ಹಾಗೆ.

ಪ್ಯಾಕೇಜ್, ಅಂದರೆ ಕ್ಲಾಸುಗಳನ್ನು ಒಂದು ಹೆಸರಿನ ಫೋಲ್ಡರಿನಲ್ಲಿ ಗುಂಪು ಮಾಡಿಡುವುದು, ಬಂದರೆ ಇನ್ನೊಂದು ಮಜಾ. ‘ಅಂಗಡಿ’ ಅನ್ನುವ ಪ್ಯಾಕೇಜಿನಲ್ಲಿ ‘ಬಿಲ್ಲು’ ಅನ್ನುವ ಕ್ಲಾಸ್ ಇದೆ ಅನ್ನಿ. ಕ್ಲಾಸ್‌ಪಾತಿನಲ್ಲಿ ಅಂಗಡಿ ಫೋಲ್ಡರಿನ ವಿಳಾಸ ಕೊಟ್ಟರೆ ಸರಿ ಅಂತ ಎಲ್ಲರಿಗೂ ಅನ್ನಿಸುತ್ತದೆ. ಬಿಲ್ಲು ಅಲ್ಲೇ ತಾನೇ ಇರುವುದು? ಆದರೆ ಜಾವಾ ಅಂಗಡಿಯೊಳಗೆ ಹೋಗಿ ನಿಂತು, ಅದರೊಳಗೆ ಇನ್ನೊಂದು ಅಂಗಡಿ ಎಲ್ಲಿ ಅಂತ ಕೇಳುತ್ತದೆ. ಪೋಸ್ಟ್‌ಮ್ಯಾನನ್ನು ಊರಬಾಗಿಲಲ್ಲಿ ಇಳಿಸಬೇಕು. ಬೀದಿ, ಮನೆ ಎಲ್ಲ ಅವನೇ ಹುಡುಕಿಕೊಳ್ಳುತ್ತಾನೆ. ಸಹಾಯ ಮಾಡೋಣ ಅಂತ ಬೀದಿಗೇ ಕರೆದೊಯ್ದು ಬಿಟ್ಟರೆ ಕೆಟ್ಟಿತು.

ಕೆಲಸಕ್ಕೆ ಸೇರಿದ ಮೇಲೆ ಕಲಿತದ್ದು ವಿರಾಮಚಿಹ್ನೆ. ವಿಂಡೋಸಿನಲ್ಲಿ ಎರಡು ವಿಳಾಸಗಳ ನಡುವೆ ಅರ್ಧವಿರಾಮ ಹಾಕಬೇಕು, ಲಿನಕ್ಸಿನಲ್ಲಿ ಎರಡು ಚುಕ್ಕಿಯ ಕೋಲನ್. ಸುಮ್ನೆ ಮಾಡಿದ ಭೇದವಲ್ಲ. ವಿಂಡೋಸಿನಲ್ಲಿ ಸಿ ಡ್ರೈವ್ ಹೆಸರಿಗೇ ಕೋಲನ್ ಅಂಟಿಕೊಂಡಿದೆ. ಲಿನಕ್ಸಿನಲ್ಲಿ ಆಜ್ಞೆ ಕೇಳಿಸಿಕೊಳ್ಳುವ ಶೆಲ್‌ಗೆ ಅರ್ಧವಿರಾಮ ಕಂಡರೆ ಒಂದು ಆಜ್ಞೆ ಮುಗಿಯಿತು, ಮುಂದಿನದು ಶುರು ಅಂತ ಲೆಕ್ಕ. ನಾನು ವಿಂಡೋಸಿನ ಸಾಲನ್ನು ಹಾಗೇ ತಂದು ಲಿನಕ್ಸ್ ಸರ್ವರಿನಲ್ಲಿ ಅಂಟಿಸಿದೆ. ಜಾವಾ ಅರ್ಧ ಮಾತು ಕೇಳಿ, ನನ್ನನ್ನು ಹೇಗೆ ಬಳಸಬೇಕು ಅಂತ ಪುಟಗಟ್ಟಲೆ ಪಾಠ ಹೇಳಿತು. ಅದರ ಕೆಳಗೆ ಶೆಲ್, ನನ್ನ ಎರಡನೇ ಜಾರ್ ಫೈಲನ್ನೇ ಓಡಿಸಲು ಹೋಗಿ, ನಿನಗೆ ಅನುಮತಿ ಇಲ್ಲ ಅಂತ ಗದರಿತು. ನಾನು ಅನುಮತಿ ಕೊಡಿಸಿ ಅಂತ ಮೇಲಿನವರಿಗೆ ಮೇಲ್ ಕೂಡ ಹಾಕಿದ್ದೆ.

ಒಂದೊಂದು ಜಾರ್ ಹೆಸರೂ ಬರೆಯುವ ಕಷ್ಟ 2006ರ ಜಾವಾ 6ರಲ್ಲಿ ಸ್ವಲ್ಪ ತಗ್ಗಿತು. ಫೋಲ್ಡರ್ ಹೆಸರಿನ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದರೆ ಅದರಲ್ಲಿರುವ ಜಾರ್‌ಗಳೆಲ್ಲ ಬಂದವು. ಒಳಗಿನ ಫೋಲ್ಡರಿಗೆ ಮಾತ್ರ ಇಣುಕುವುದಿಲ್ಲ. ಬಿಡಿ ಕ್ಲಾಸ್ ಫೈಲ್‌ಗಳೂ ಅದರ ಲೆಕ್ಕಕ್ಕಿಲ್ಲ. ಇನ್ನು, ‘ಜಾರ್’ ಅನ್ನುವ ಆಯ್ಕೆ ಕೊಟ್ಟು ಓಡಿಸಿದರೆ ನೀವು ಬರೆದ ಕ್ಲಾಸ್‌ಪಾತನ್ನು ಜಾವಾ ಕಿವಿಗೇ ಹಾಕಿಕೊಳ್ಳುವುದಿಲ್ಲ. ತಪ್ಪು ಅಂತಲೂ ಹೇಳುವುದಿಲ್ಲ. ಈ ಮೌನಕ್ಕೆ ನಾನು ಒಂದಿಡೀ ಶನಿವಾರ ಕೊಟ್ಟಿದ್ದೇನೆ. ಬೈದರೆ ತಡೆದುಕೊಳ್ಳಬಹುದು, ಮಾತು ಬಿಟ್ಟರೆ ಕಷ್ಟ, ಅಲ್ವಾ?

ಈಗ ಇದನ್ನೆಲ್ಲ ಮೇವೆನ್, ಗ್ರೇಡಲ್ ಅನ್ನುವ ಸಲಕರಣೆಗಳು ನೋಡಿಕೊಳ್ಳುತ್ತವೆ. ಒಮ್ಮೆ ಕುತೂಹಲಕ್ಕೆ ನಮ್ಮ ಪ್ರಾಜೆಕ್ಟಿನ ಪೂರ್ತಿ ಕ್ಲಾಸ್‌ಪಾತ್ ತೆರೆದು ನೋಡಿದೆ. ಸತ್ಯನಾರಾಯಣ ಪೂಜೆಯ ಸಾಮಾನಿನ ಪಟ್ಟಿಗಿಂತ ಉದ್ದವಿತ್ತು. ಒಂದೇ ಲೈಬ್ರರಿಯ ಎರಡು ಆವೃತ್ತಿ ಅದರಲ್ಲಿದ್ದವು. ಹಾಗಿದ್ದರೆ ಮೊದಲು ಕಂಡದ್ದಕ್ಕೇ ಮಣೆ. ಹಿಂದೆ ನಿಂತದ್ದು ಎಷ್ಟು ಹೊಸದಾದರೂ ಬಾಗಿಲಾಚೆಯೇ.

ಮೊನ್ನೆ ರಾತ್ರಿ ಹನ್ನೊಂದಕ್ಕೆ ಅಕ್ಕನ ಮಗಳು ಫೋನ್ ಮಾಡಿದಳು. ಇಂಜಿನಿಯರಿಂಗ್ ಎರಡನೇ ವರ್ಷ, ಬೆಳಿಗ್ಗೆ ಲ್ಯಾಬ್ ಪರೀಕ್ಷೆ.

“ಮಾಮ, ಫೈಲ್ ಇಲ್ಲೇ ಇದೆ. ಆದ್ರೂ ಸಿಗ್ತಿಲ್ಲ ಅಂತಿದೆ.”

ನನಗೆ ಒಳಗೊಳಗೇ ಖುಷಿ. ಹತ್ತೊಂಬತ್ತು ಇಪ್ಪತ್ತು ವರ್ಷ ಈ ಪ್ರಶ್ನೆಗೇ ಕಾದಿದ್ದವನಂತೆ, “ಕ್ಲಾಸ್‌ಪಾತಲ್ಲಿ ಚುಕ್ಕಿ ಹಾಕಿದ್ದೀಯಾ?” ಅಂದೆ.

“ಹಾಕಿದೀನಿ.”

“ವಿಂಡೋ ಮುಚ್ಚಿ ಹೊಸದು ತೆಗೆದೆಯಾ?”

“ತೆಗೆದೆ ಮಾಮ. ಅದೆಲ್ಲ ಗೊತ್ತು.”

ನನ್ನ ಬತ್ತಳಿಕೆ ಅಷ್ಟಕ್ಕೇ ಖಾಲಿ. ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ಹೊಳೆಯಿತು. ಚುಕ್ಕಿ ಅಂದರೆ ‘ಇಲ್ಲಿ’. ‘ಇಲ್ಲಿ’ ಅಂದರೆ ನಾವು ನಿಂತ ಕಡೆ. ಹೊಸ ವಿಂಡೋ ತೆರೆದರೆ ಅದು ಬೇರೆಲ್ಲೋ ಹೋಗಿ ನಿಂತಿರುತ್ತದೆ.

“ಪುಟ್ಟಿ, ನೀನು ಈಗ ಎಲ್ಲಿದ್ದೀಯ ನೋಡು,” ಅಂದೆ.

“ನಾನಾ? ಹಾಸ್ಟೆಲ್ಲಲ್ಲೇ ಇದೀನಿ. ಯಾಕೆ, ಅಮ್ಮ ಏನಾದ್ರೂ ಕೇಳಿದ್ರಾ?”