ನಿವೃತ್ತಿಯ ಅಂಚಿನ ಯಂತ್ರಕ್ಕೆ ಹೊಸ ಗೇಮಿನ ಹಾರ

ಜಪಾನಿನ ಗೇಮ್ ಕಂಪನಿಗಳು ತಮ್ಮ ಹೊಸ ಗೇಮ್ ಯಾವ ಕನ್ಸೋಲಿಗೆ, ಅಂದರೆ ಗೇಮ್ ಆಡುವ ಯಾವ ಯಂತ್ರಕ್ಕೆ, ಸಲ್ಲಬೇಕೆಂದು ತೀರ್ಮಾನಿಸುವ ಬಗೆಯನ್ನು ದೂರದಿಂದ ನೋಡುವವರಿಗೆ, ಅದರ ಹಿಂದೆ ಮಾರುಕಟ್ಟೆಯ ಸಮೀಕ್ಷೆ, ಮಾರಾಟದ ಅಂಕಿಅಂಶ, ಮುಂದಿನ ಐದು ವರ್ಷಗಳ ಅಂದಾಜು ಎಲ್ಲವೂ ಇರಬೇಕೆಂದು ತೋರುವುದು ಸಹಜ. ಇರಲೂಬಹುದು. ಆದರೆ ಹೊರಬಿದ್ದ ಫಲಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಇವರು ಹೋದ ವರ್ಷದ ಪಂಚಾಂಗ ಹಿಡಿದು ಮುಹೂರ್ತ ಇಡುತ್ತಿದ್ದಾರೇನೋ ಎಂಬ ಗುಮಾನಿ ಮೂಡದೆ ಇರದು.

2023ರ ಜೂನ್ ತಿಂಗಳನ್ನೇ ನೋಡಿ. ಆ ಹೊತ್ತಿಗೆ ಜಪಾನಿನಲ್ಲಿ ಸುಮಾರು 3 ಕೋಟಿ ನಿಂಟೆಂಡೊ ಸ್ವಿಚ್‌ಗಳು ಮಾರಾಟವಾಗಿದ್ದವು. ಸೋನಿಯ ಪ್ಲೇಸ್ಟೇಷನ್ 5 ಅದರ ಕಾಲುಭಾಗವನ್ನೂ ಮುಟ್ಟಿರಲಿಲ್ಲ. ಸ್ಕ್ವೇರ್ ಎನಿಕ್ಸ್ ಕಂಪನಿ ಅಳೆದೂ ಸುರಿದೂ ತನ್ನ ‘ಫೈನಲ್ ಫ್ಯಾಂಟಸಿ 16’ ಅನ್ನು ಪ್ಲೇಸ್ಟೇಷನ್ 5ಕ್ಕೆ ಮಾತ್ರ ಬಿಡುಗಡೆ ಮಾಡಿತು. ಅಂಥ ಗೇಮನ್ನು ಹೊರುವ ಶಕ್ತಿ ಸ್ವಿಚ್‌ಗೆ ಇರಲಿಲ್ಲವೆಂಬುದು ನ್ಯಾಯವಾದ ಮಾತೇ. ಆದರೆ ಹೆಚ್ಚಿನವರ ಮನೆಯಲ್ಲಿ ಇಲ್ಲದ ಯಂತ್ರಕ್ಕೆಂದೇ ವರ್ಷಗಟ್ಟಲೆ ದುಡಿದು, ಆಮೇಲೆ ಲಾಭ ನಿರೀಕ್ಷೆಯ ಮಟ್ಟಕ್ಕೆ ಬರಲಿಲ್ಲವೆಂದು ಹೂಡಿಕೆದಾರರ ಮುಂದೆ ಒಪ್ಪಿಕೊಳ್ಳುವ ಧೈರ್ಯ ಎಲ್ಲರಿಗೂ ಬರುವಂಥದ್ದಲ್ಲ. 2024ರ ಮೇ ತಿಂಗಳಲ್ಲಿ ಕಂಪನಿ ಮೂರು ವರ್ಷಗಳ ಹೊಸ ಕಾರ್ಯಯೋಜನೆಯನ್ನು ಪ್ರಕಟಿಸಿತು. ಇನ್ನು ಮುಂದೆ ದೊಡ್ಡ ಗೇಮ್‌ಗಳು ಎಲ್ಲ ಯಂತ್ರಗಳಿಗೂ ಬರಬೇಕೆಂಬುದು ಅದರ ಮುಖ್ಯಾಂಶಗಳಲ್ಲೊಂದು. ಕೊಳ್ಳುವವರು ಎಲ್ಲಿದ್ದಾರೋ ಅಲ್ಲಿ ಮಾರಬೇಕೆಂಬ ಈ ಗಹನವಾದ ಸಿದ್ಧಾಂತಕ್ಕೆ ಮೂರೇ ವರ್ಷ ಸಾಕಾದೀತೇ ಎಂಬುದೊಂದೇ ನನ್ನ ಆತಂಕ.

ಶಕ್ತಿಯಿಲ್ಲದ ಯಂತ್ರಕ್ಕೂ ದೊಡ್ಡ ಗೇಮ್ ಮುಟ್ಟಿಸುವ ಉಪಾಯವನ್ನು ಜಪಾನಿನ ಇನ್ನೊಂದು ಗೇಮ್ ಕಂಪನಿ ಕ್ಯಾಪ್‌ಕಾಮ್ ಅದಕ್ಕೂ ಮೊದಲೇ ಕಂಡುಕೊಂಡಿತ್ತು. 2018ರ ಮೇ 24ರಂದು ‘ಬಯೋಹಜಾರ್ಡ್ 7’ ಎಂಬ ಭಯಾನಕ ಗೇಮ್ ಸ್ವಿಚ್‌ಗೆ ಬಂತು, ಅದೂ ಜಪಾನಿನಲ್ಲಿ ಮಾತ್ರ. ಬಂತು ಎಂದದ್ದು ಮರ್ಯಾದೆಗಾಗಿ. ಗೇಮ್ ಓಡುತ್ತಿದ್ದುದು ದೂರದ ಸರ್ವರಿನಲ್ಲಿ. ಸ್ವಿಚ್‌ಗೆ ಇಳಿಯುತ್ತಿದ್ದುದು ಸುಮಾರು 45 ಮೆಗಾಬೈಟಿನ ಪುಟ್ಟ ಕಡತ. ಮೊದಲ 15 ನಿಮಿಷ ಉಚಿತ, ಅನಂತರ 2,000 ಯೆನ್ ತೆತ್ತರೆ 180 ದಿನ ಆಡಬಹುದಿತ್ತು. ಅವಧಿ ಮುಗಿದ ಮೇಲೆ ಕಥಾನಾಯಕ ಆ ಭೀಕರ ಮನೆಯಿಂದ ಪಾರಾಗಿರಲಿ ಬಿಡಲಿ, ದುಡ್ಡು ಕೊಟ್ಟವನಂತೂ ಹೊರಗೆ. ಇದೇ ಉಪಾಯವನ್ನು ಸ್ಕ್ವೇರ್ ಎನಿಕ್ಸ್ ಇನ್ನಷ್ಟು ಎತ್ತರಕ್ಕೆ ಒಯ್ದಿತು: 2002ರಲ್ಲಿ ಪ್ಲೇಸ್ಟೇಷನ್ 2ರ ಮೇಲೆ ಸಲೀಸಾಗಿ ಓಡಿದ್ದ ‘ಕಿಂಗ್‌ಡಮ್ ಹಾರ್ಟ್ಸ್’, ಇಪ್ಪತ್ತು ವರ್ಷಗಳ ನಂತರ ಸ್ವಲ್ಪ ಹೊಳಪು ಪಡೆದು ಸ್ವಿಚ್‌ಗೆ ಬಂದಾಗ ಅದಕ್ಕೂ ಸರ್ವರೇ ಗತಿಯಾಯಿತು.

ಅಮೆರಿಕದ ಮೈಕ್ರೋಸಾಫ್ಟ್ ಕಂಪನಿಯ ಕನ್ಸೋಲಾದ ಎಕ್ಸ್‌ಬಾಕ್ಸ್‌ನ ಕಥೆ ಬೇರೆ. 2008ರಲ್ಲಿ ‘ಫೈನಲ್ ಫ್ಯಾಂಟಸಿ 13’ ಎಕ್ಸ್‌ಬಾಕ್ಸ್ 360ಕ್ಕೂ ಬರುತ್ತದೆಂದು ಅಮೆರಿಕದ ವೇದಿಕೆಯ ಮೇಲೆ ಸಾರಲಾಯಿತು. 2010ರ ಮಾರ್ಚ್‌ನಲ್ಲಿ ಪಾಶ್ಚಾತ್ಯ ದೇಶಗಳಿಗೆ ಬಂದೂ ಬಂತು. ಗೇಮ್ ಹುಟ್ಟಿದ ಜಪಾನಿನಲ್ಲಿ ಅದೇ ಯಂತ್ರವನ್ನು ಕೊಂಡಿದ್ದ ಅಲ್ಪಸಂಖ್ಯಾತರು ಡಿಸೆಂಬರ್‌ವರೆಗೆ ಕಾಯಬೇಕಾಯಿತು, ಮತ್ತು ಅವರ ಆವೃತ್ತಿಯಲ್ಲಿ ಪಾತ್ರಗಳು ಇಂಗ್ಲಿಷಿನಲ್ಲಿ ಮಾತನಾಡಿದವು. ಜಪಾನೀಯರು ಜಪಾನಿನಲ್ಲಿ ಕುಳಿತು ಜಪಾನೀ ಗೇಮನ್ನು ಅಡಿಬರಹ ಓದಿಕೊಂಡು ಆಡಿದರು. ತಪ್ಪು ಯಂತ್ರ ಕೊಂಡದ್ದಕ್ಕೆ ಇದಕ್ಕಿಂತ ಸೌಮ್ಯವಾದ ದಂಡನೆ ಇರಲಾರದು.

ಇಷ್ಟಾಗಿಯೂ, ಯಾರೂ ಲೆಕ್ಕ ನೋಡಿ ನಡೆಯುವುದಿಲ್ಲವೆಂದರೆ ‘ಡ್ರ್ಯಾಗನ್ ಕ್ವೆಸ್ಟ್’ ಸರಣಿಗೆ ಅನ್ಯಾಯವಾಗುತ್ತದೆ. ಹೆಚ್ಚು ಜನರ ಮನೆಯಲ್ಲಿರುವ ಯಂತ್ರಕ್ಕೇ ಗೇಮ್ ಎಂಬುದು ಸರಣಿಯ ಜನಕ ಯೂಜಿ ಹೊರಿಯವರ ಹಳೆಯ ನಿಲುವು, ಮತ್ತು ಅದರಲ್ಲಿ ಎಳ್ಳಷ್ಟೂ ದೋಷವಿಲ್ಲ. ತೊಡಕು ಇರುವುದು ಇಷ್ಟೇ: ಯಂತ್ರವೊಂದು ಮನೆಮನೆಗೂ ಮುಟ್ಟುವುದಕ್ಕೆ ಕೆಲವು ವರ್ಷ, ಅದನ್ನು ಖಚಿತಪಡಿಸಿಕೊಂಡು ಗೇಮ್ ತಯಾರಿಸುವುದಕ್ಕೆ ಇನ್ನೂ ಕೆಲವು ವರ್ಷ. ಏಳನೆಯ ಭಾಗ ಪ್ಲೇಸ್ಟೇಷನ್‌ಗೆ ಬರುವುದೆಂದು 1997ರ ಜನವರಿಯಲ್ಲಿ ಘೋಷಿಸಿದರು. ಗೇಮ್ ಅಂಗಡಿಗೆ ಬಂದದ್ದು 2000ದ ಆಗಸ್ಟ್‌ನಲ್ಲಿ, ಅಂದರೆ ಪ್ಲೇಸ್ಟೇಷನ್ 2 ಬಂದು ಐದು ತಿಂಗಳಾದ ಮೇಲೆ. ಹೊಸ ಯಂತ್ರ ಹಳೆಯ ಡಿಸ್ಕನ್ನೂ ಓದುತ್ತಿದ್ದುದರಿಂದ ಮಾನ ಉಳಿಯಿತು, 40 ಲಕ್ಷದ ಆಸುಪಾಸು ಪ್ರತಿಗಳೂ ಖರ್ಚಾದವು. ಹತ್ತನೆಯ ಭಾಗಕ್ಕೆ 2008ರಲ್ಲಿ ನಿಂಟೆಂಡೊದ ವೀ ಯಂತ್ರವನ್ನು ಆರಿಸಿದರು. ಗೇಮ್ 2012ರ ಆಗಸ್ಟ್‌ನಲ್ಲಿ ಬಂತು, ಅದೇ ಡಿಸೆಂಬರ್‌ನಲ್ಲಿ ಅದರ ಉತ್ತರಾಧಿಕಾರಿ ವೀ ಯೂ ಬಂದು ಹಳೆಯದನ್ನು ಮೂಲೆಗೆ ಸರಿಸಿತು. ಹನ್ನೊಂದನೆಯದು 2017ರ ಜುಲೈ 29ರಂದು ಪ್ಲೇಸ್ಟೇಷನ್ 4 ಮತ್ತು ನಿಂಟೆಂಡೊ 3ಡಿಎಸ್‌ಗಳಲ್ಲಿ ಬಿಡುಗಡೆಯಾದಾಗ ಸ್ವಿಚ್ ಮಾರುಕಟ್ಟೆಗೆ ಬಂದು ನಾಲ್ಕು ತಿಂಗಳು ಕಳೆದಿತ್ತು. ಸ್ವಿಚ್‌ನ ಆವೃತ್ತಿ 2019ರ ಸೆಪ್ಟೆಂಬರ್‌ನಲ್ಲಿ ಹೆಚ್ಚುವರಿ ಕಥೆಗಳ ಸಮೇತ ಬಂತು, ಮೊದಲೇ ಕೊಂಡಿದ್ದ ನಿಷ್ಠಾವಂತರಿಗೆ ಅದೇ ಗೇಮನ್ನು ಮತ್ತೊಮ್ಮೆ ಕೊಳ್ಳುವ ಸದವಕಾಶವೂ ಒದಗಿತು.

ಹನ್ನೆರಡನೆಯ ಭಾಗವನ್ನು 2021ರ ಮೇ 27ರಂದು, ಸರಣಿಯ ಮೂವತ್ತೈದನೆಯ ಹುಟ್ಟುಹಬ್ಬದ ಸಂಭ್ರಮದಲ್ಲಿ ಘೋಷಿಸಿದರು. ಅದು ಯಾವ ಯಂತ್ರಕ್ಕೆ ಬರುತ್ತದೆಂಬುದನ್ನು ಮಾತ್ರ ಅಂದು ಹೇಳಲಿಲ್ಲ. ಇದುವರೆಗಿನ ಆಯ್ಕೆಗಳಲ್ಲಿ ಇದೇ ಅತ್ಯಂತ ವಿವೇಕದ್ದೆಂದು ನನ್ನ ಅಭಿಪ್ರಾಯ, ಏಕೆಂದರೆ ಹೆಸರೇ ಇಲ್ಲದ ಯಂತ್ರವನ್ನು ಯಾವ ಕಂಪನಿಯೂ ನಿವೃತ್ತಿಗೊಳಿಸಲಾರದು.