ಕೋಟೆಯ ಬಂಡೆ ಸೀಳಿದ್ದು ಸಮುದ್ರದ ಕಂದಕದಿಂದಲ್ಲ

‘ಸಮುದ್ರದಾಳದ ಕಂದಕ ಬಾಯಿಬಿಟ್ಟಿದೆ, ಬಿರುಕು ಚಿತ್ರದುರ್ಗದ ಕೋಟೆ ತನಕ ಬಂದಿದೆ’ ಅಂತ ಒಂದು ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಜೊತೆಗೆ ಸೀಳಿದ ಬಂಡೆಯ ಫೋಟೊ. ಇದು ನಿಜವಲ್ಲ.

ಕಂದಕ ಅಂದರೆ ಹರಿದಾಡುವ ಬಿರುಕಲ್ಲ. ಭೂಮಿಯ ಹೊರಚಿಪ್ಪಿನ ಒಂದು ದೊಡ್ಡ ತುಂಡು, ಅಂದರೆ ಫಲಕ, ಇನ್ನೊಂದರ ಅಡಿಗೆ ನುಗ್ಗುವ ಕಡೆ ಸಮುದ್ರದ ತಳ ಬಗ್ಗಿ ಆಗುವ ತಗ್ಗು ಅದು. ಪೆಸಿಫಿಕ್ ಸಾಗರದ ಮರಿಯಾನಾ ಕಂದಕ ಸುಮಾರು 11 ಕಿಲೋಮೀಟರ್ ಆಳ. ಫಲಕಗಳು ಒಮ್ಮೊಮ್ಮೆ ನೂರಾರು ವರ್ಷ ಕಚ್ಚಿಕೊಂಡೇ ಇರುತ್ತವೆ. ಒತ್ತಡ ತಡೆಯದೆ ಜಾರಿದಾಗ ಭೂಕಂಪ. 2004ರ ಡಿಸೆಂಬರ್ 26ರಂದು ಸುಮಾತ್ರಾ ಬಳಿ, 2011ರ ಮಾರ್ಚ್ 11ರಂದು ಜಪಾನಿನಲ್ಲಿ ಆಗಿದ್ದು ಇದೇ. ಅಂಡಮಾನ್ ಪಕ್ಕದ ಕಂದಕ ಕೂಡ ದುರ್ಗದಿಂದ 1,500 ಕಿಲೋಮೀಟರಿಗಿಂತ ಜಾಸ್ತಿ ದೂರ.

ನಮ್ಮ ಬಂಡೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಬೇಸಿಗೆ ಮಧ್ಯಾಹ್ನ ಕೋಟೆ ಹತ್ತಿದವರಿಗೆ ಗೊತ್ತು, ಕೈ ಇಡೋಕಾಗಲ್ಲ. ಹಾಗೆ ಕಾದು, ರಾತ್ರಿ ತಣಿದು, ಮಳೆನೀರು ಇಳಿದು ಕಲ್ಲು ಸೀಳುತ್ತದೆ. ಪದರ ಏಳುವುದು ಥೇಟ್ ಚಳ್ಳಕೆರೆ ಈರುಳ್ಳಿಯ ಹಾಗೆ. ಫೋಟೊ ಸ್ವಲ್ಪ ದೊಡ್ಡದು ಮಾಡಿ ನೋಡಿ: ಸೀಳಿನೊಳಗೆ ಗಿಡವೊಂದು ಬೇರು ಬಿಟ್ಟಿದೆ. ಮೊನ್ನೆಯ ಬಿರುಕಲ್ಲಿ ಅಷ್ಟು ದಪ್ಪ ಬೇರು ಬರುತ್ತಾ?

ಹಾಗಂತ ಒಳನಾಡಿನಲ್ಲಿ ನೆಲ ನಡುಗುವುದೇ ಇಲ್ಲ ಅಂತಲ್ಲ. 1993ರಲ್ಲಿ ಲಾತೂರಿನಲ್ಲಿ ಸಾವಿರಾರು ಜನ ಸತ್ತರು. ಅಲ್ಲಿಯೂ ಹತ್ತಿರದಲ್ಲಿ ಯಾವ ಕಂದಕವೂ ಇಲ್ಲ.