ಸುಮ್ನಾದ ಮಗು ಒಗ್ಗಿಕೊಂಡಿದೆ ಅಂತ ಯಾರು ಹೇಳಿದ್ರು?

ಈ ಸಲ ರಜಕ್ಕೆ ಬೆಂಗಳೂರಿಗೆ ಬಂದಾಗ ತಂಗಿ ಜೊತೆ ಅವಳ ಮಗನ್ನ ಜಯನಗರದ ಒಂದು ಪ್ಲೇಹೋಮಿಗೆ ಬಿಡೋಕೆ ಹೋಗಿದ್ದೆ. ಮೊದಲ್ನೇ ದಿನ. ಆಯಾ ಗೇಟಲ್ಲೇ ಮಗೂನ ಕಿತ್ಕೊಂಡು, "ನೀವ್ ಹೊರಡಿ ಮೇಡಂ, ಎರಡು ದಿನ ಅಳ್ತವೆ, ಆಮೇಲೆ ತಾವೇ ಸುಮ್ನಾಗ್ತವೆ" ಅಂದ್ರು. ತಂಗಿ ಕಣ್ಣೊರೆಸ್ಕೊಂಡು ಆಟೋ ಹತ್ತಿದ್ಲು. ನಂಗೆ ಹೊಟ್ಟೆ ಉರಿದುಹೋಯ್ತು.

ನಾನಿರೋದು ಬರ್ಲಿನ್ನಲ್ಲಿ. ಇಲ್ಲಿ ಡೇಕೇರಿಗೆ ಸೇರಿಸಿದ್ರೆ ಮೊದಲ 3 ದಿನ ಅಪ್ಪನೋ ಅಮ್ಮನೋ ಅಲ್ಲೇ ಕೂತಿರಬೇಕು, ಬಿಟ್ಟುಹೋಗೋ ಮಾತೇ ಇಲ್ಲ, 4ನೇ ದಿನ ಮಗೂಗೆ ಟಾಟಾ ಹೇಳಿ ಸ್ವಲ್ಪ ಹೊತ್ತು ಆಚೆ ನಿಲ್ಲೋದು, ಟೀಚರ್ ಎತ್ಕೊಂಡಾಗ ಸಮಾಧಾನ ಆಗ್ಲಿಲ್ಲ ಅಂದ್ರೆ ತಕ್ಷಣ ಒಳಗೆ ಕರೀತಾರೆ. ಬರ್ಲಿನ್ ಮಾಡೆಲ್ ಅಂತಾನೇ ಹೆಸರು, ಮಗು ತನ್ನನ್ನ ನೋಡ್ಕೊಳ್ಳೋರಿಗೆ ಹೇಗೆ ಅಂಟ್ಕೊಳ್ಳುತ್ತೆ ಅಂತ ಹೇಳೋ, ಮನೋವೈದ್ಯ ಜಾನ್ ಬೌಲ್ಬಿಯವರ ಅಟ್ಯಾಚ್‌ಮೆಂಟ್ ಥಿಯರಿ ಮೇಲೆ ಕಟ್ಟಿದ್ದು.

ಬೌಲ್ಬಿ ಜೊತೆ ಕೆಲಸ ಮಾಡ್ತಿದ್ದ ಜೇಮ್ಸ್ ರಾಬರ್ಟ್‌ಸನ್, ಆಪರೇಷನ್ನಿಗೆ ಲಂಡನ್ ಆಸ್ಪತ್ರೆ ಸೇರಿದ್ದ 2 ವರ್ಷದ ಹುಡುಗೀನ 8 ದಿನ ಫಿಲ್ಮ್ ಮಾಡಿ 1952ರಲ್ಲಿ ತೋರಿಸಿದ್ರು. ಅಮ್ಮನ್ನ ಬಿಟ್ಟ ಮಗು ಮೊದಲು ರಚ್ಚೆ ಹಿಡಿಯುತ್ತೆ, ಆಮೇಲೆ ಆಸೆ ಬಿಟ್ಟು ಮಂಕಾಗುತ್ತೆ, ಕೊನೆಗೆ ಅಮ್ಮ ಬಂದ್ರೂ ಮುಖ ತಿರುಗಿಸುತ್ತೆ ಅನ್ನೋದು ಅವರು ಕಂಡಿದ್ದು. ನರ್ಸುಗಳು ಆ ಮಂಕು ನೋಡಿ "ಒಗ್ಗಿಕೊಂಡ್ತು" ಅಂದ್ಕೊಂಡಿದ್ರು. ನಮ್ಮ ಆಯಾ ಹೇಳಿದ್ದೂ ಅದನ್ನೇ ಅಲ್ವಾ? ಇಂಗ್ಲೆಂಡಲ್ಲಿ ಆಸ್ಪತ್ರೆ ಸೇರಿದ ಮಕ್ಕಳ ಬಗ್ಗೆ ಬಂದ 1959ರ ಪ್ಲ್ಯಾಟ್ ಸಮಿತಿ ವರದಿ ಅಪ್ಪ ಅಮ್ಮನ್ನ ವಾರ್ಡಿಗೆ ಬಿಡಿ ಅಂತು. ನಾವು ಇವತ್ತಿಗೂ ಗೇಟಿಗೆ ಚಿಲಕ ಹಾಕ್ತಿದೀವಿ, ಅದೂ ಸಾವಿರಾರು ರೂಪಾಯಿ ಫೀಸ್ ತಗೊಂಡು!

ಸರಿ, ಅರ್ಧ ದಿನದ ಪ್ಲೇಹೋಮ್ ಆಸ್ಪತ್ರೆ ಅಲ್ಲ, ಒಪ್ತೀನಿ. ಮಧ್ಯಾಹ್ನ ಮನೆಗೆ ಬಂದ್ರೆ ಅಜ್ಜಿ ತೊಡೆ ಇದೆ, ಚಿಕ್ಕಪ್ಪ ಇದಾನೆ, ಎದುರುಮನೆ ಆಂಟಿ ಇದಾರೆ. ಗ್ಲ್ಯಾಸ್ಗೋದಲ್ಲಿ 60 ಮಕ್ಕಳನ್ನ ನೋಡಿ ಶಾಫರ್ ಮತ್ತೆ ಎಮರ್ಸನ್ ಅನ್ನೋ ಸಂಶೋಧಕರು 1964ರಲ್ಲಿ ಬರೆದಿದ್ದೂ ಅದೇ, ಒಂದೂವರೆ ವರ್ಷಕ್ಕೆ ಬಹುಪಾಲು ಮಕ್ಕಳು ಒಬ್ಬರಿಗಿಂತ ಜಾಸ್ತಿ ಜನಕ್ಕೆ ಅಂಟ್ಕೊಂಡಿರ್ತವೆ. ನನ್ನ ಮಗಳಿಗೆ ಬರ್ಲಿನ್ನಲ್ಲಿ ನಾವಿಬ್ಬರೇ, ಅದು ನಂಗೆ ದಿನಾ ಚುಚ್ಚುತ್ತೆ. ಜರ್ಮನಿಯಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಸೇರಿ 14 ತಿಂಗಳವರೆಗೆ ಸರ್ಕಾರವೇ ದುಡ್ಡು ಕೊಡುತ್ತೆ, ನಮ್ಮಲ್ಲಿ ಅಮ್ಮಂಗೆ 26 ವಾರ, ಅಪ್ಪಂಗೆ ಪ್ರೈವೇಟ್ ಕೆಲಸದಲ್ಲಿ ಕಾನೂನಿನ ರಜ ಅಂತಾನೇ ಇಲ್ಲ. ಹಾಗಿರೋವಾಗ ಪ್ಲೇಹೋಮಲ್ಲಿ ಬಂದು ಕೂರು ಅಂತ ತಂಗಿಗೆ ಯಾವ ಬಾಯಲ್ಲಿ ಹೇಳ್ಲಿ. ಆದ್ರೆ ಅಜ್ಜಿ ಬಿಡುವಾಗಿದಾರಲ್ಲ, ಮೊದಲ ವಾರ ಒಳಗೆ ಒಂದು ಕುರ್ಚಿ ಹಾಕಿ ಅವರನ್ನಾದ್ರೂ ಕೂರಿಸಿ ಅಂತ ಆ ಪ್ಲೇಹೋಮಿನವರಿಗೆ ಕೇಳಿದೀನಿ, ಇನ್ನೂ ಉತ್ತರ ಕೊಟ್ಟಿಲ್ಲ.